ಪೆಟ್ರೋಲ್ ಪ್ರೆಶರ್ ಏರಿಳಿದರೆ ಇಂಜಿನ್‌ಗೆ ಏನಾಗುತ್ತದೆ? ಪಂಪ್ ಬದಲಿಸುವ ಮೊದಲು ನೀವೇ ಪರೀಕ್ಷೆ ಮಾಡುವ ಬಗೆ

ಕಾರು ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಶಿರಾಡಿ ಘಾಟಿ ಹತ್ತುವಾಗ ಮಾತ್ರ ಮೂರನೇ ಗೇರಿನಲ್ಲಿ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಬದಲಿಸುತ್ತಾರೆ. ಆಮೇಲೆ ಇಗ್ನಿಷನ್ ಕಾಯಿಲ್. ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್. ಕೊನೆಗೆ "ಪಂಪ್ ಹೋಗಿರಬೇಕು ಸಾರ್" ಅನ್ನುತ್ತಾರೆ. ಇಷ್ಟೆಲ್ಲ ಆಗುವಷ್ಟರಲ್ಲಿ ಒಬ್ಬರೂ ಒಂದು ಪ್ರೆಶರ್ ಗೇಜ್ ಹಾಕಿ ನೋಡಿರುವುದಿಲ್ಲ.

ಈ ಬರಹ ಮಾಮೂಲಿ ಎಂಪಿಎಫ್‌ಐ ಪೆಟ್ರೋಲ್ ಕಾರುಗಳಿಗೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್ ಇರುವ ಕಾರುಗಳಿಗೆ. ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಇವೇ. ಡೀಸೆಲ್ ಕಾಮನ್ ರೇಲ್ ಇದ್ದರೆ, ಅಥವಾ ಸಿಲಿಂಡರ್ ಒಳಗೇ ನೇರವಾಗಿ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಇಂಜಿನ್ ಇದ್ದರೆ, ಕೆಳಗೆ ಹೇಳಿದಂತೆ ಪೈಪ್ ಬಿಚ್ಚಬೇಡಿ. ಡೀಸೆಲ್ ರೇಲ್‌ನಲ್ಲಿ ಒತ್ತಡ 1600 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ದಾಟುತ್ತದೆ. ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್‌ನಲ್ಲಿ 200 ಬಾರ್ ಸಾಮಾನ್ಯ. ಆ ಒತ್ತಡದ ಸಣ್ಣ ಚಿಲುಮೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇಸಿಯು ಒತ್ತಡವನ್ನು ನೋಡುವುದಿಲ್ಲ, ನಂಬುತ್ತದೆ

ಎಲ್ಲಕ್ಕೂ ಮೂಲ ಇಲ್ಲಿದೆ. ಹೆಚ್ಚಿನ ಎಂಪಿಎಫ್‌ಐ ಕಾರುಗಳಲ್ಲಿ ಪೆಟ್ರೋಲ್ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಗಾಳಿ ಎಷ್ಟು ಬರುತ್ತಿದೆ ಅಂತ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಅದಕ್ಕೆ ಬೇಕಾದಷ್ಟು ಪೆಟ್ರೋಲ್ ಬರಲಿ ಅಂತ ಇಂಜೆಕ್ಟರನ್ನು ಕೆಲವು ಮಿಲಿಸೆಕೆಂಡ್ ತೆರೆಯುತ್ತದೆ. ಐಡಲ್‌ನಲ್ಲಿ ಇದು 2-3 ಮಿಲಿಸೆಕೆಂಡ್ ಇರಬಹುದು. ಇಂಜೆಕ್ಟರಿನ ಹಿಂದೆ ಒತ್ತಡ ಸರಿಯಾಗಿಯೇ ಇದೆ ಎಂದು ಅದು ಸುಮ್ನೆ ನಂಬಿಕೊಂಡಿರುತ್ತದೆ. ಈ ಲೆಕ್ಕಾಚಾರ ಹಳೆಯದು. 1967ರಲ್ಲಿ ಬಾಷ್ ಕಂಪನಿ ಡಿ-ಜೆಟ್ರಾನಿಕ್ ತಂದಾಗಲೂ ಉಪಾಯ ಇದೇ ಆಗಿತ್ತು: ಒತ್ತಡ ಸ್ಥಿರವಾಗಿಡು, ತೆರೆದಿರುವ ಸಮಯ ಮಾತ್ರ ಬದಲಿಸು.

ಒತ್ತಡ ಬಿದ್ದರೆ ಅಷ್ಟೇ ಸಮಯದಲ್ಲಿ ಕಡಿಮೆ ಪೆಟ್ರೋಲ್ ಬರುತ್ತದೆ. ಆದರೆ ಎಷ್ಟು ಕಡಿಮೆ? ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಹರಿವು ಒತ್ತಡಕ್ಕೆ ತಕ್ಕಂತೆ ನೇರವಾಗಿ ಇಳಿಯುವುದಿಲ್ಲ, ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. 3 ಬಾರ್ ಇರಬೇಕಾದಲ್ಲಿ 2.4 ಬಾರ್ ಇದ್ದರೆ ಒತ್ತಡ ಶೇ. 20 ಕಡಿಮೆ, ಪೆಟ್ರೋಲ್ ಶೇ. 11ರಷ್ಟು ಮಾತ್ರ ಕಡಿಮೆ. 2 ಬಾರ್‌ಗೆ ಇಳಿದರೆ ಪೆಟ್ರೋಲ್ ಶೇ. 18 ಕಡಿಮೆ. 1.5 ಬಾರ್, ಅಂದರೆ ಸರಿಯಾಗಿ ಅರ್ಧ ಒತ್ತಡ ಇದ್ದರೂ ಪೆಟ್ರೋಲ್ ಕಡಿಮೆಯಾಗುವುದು ಶೇ. 29.

ಇದರಿಂದಲೇ ರೋಗ ಬಹಳ ಕಾಲ ಬಚ್ಚಿಟ್ಟುಕೊಳ್ಳುತ್ತದೆ. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ "ಪೆಟ್ರೋಲ್ ಸಾಲುತ್ತಿಲ್ಲ" ಅಂತ ಹೇಳಿದ ಕೂಡಲೇ ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದು ಸರಿಮಾಡಿಕೊಳ್ಳುತ್ತದೆ. 2 ಬಾರ್ ಇದ್ದಾಗ ಸುಮಾರು ಶೇ. 22 ಜಾಸ್ತಿ ಸಮಯ ಕೊಟ್ಟರೆ ಸಾಕು, ಐಡಲಿಂಗ್ ಹಾಗೆಯೇ ನಿಲ್ಲುತ್ತದೆ. ಹೆಚ್ಚಿನ ಇಸಿಯುಗಳು ಶೇ. 25ರ ಆಸುಪಾಸಿನವರೆಗೆ ಹೀಗೆ ಸರಿದೂಗಿಸುತ್ತವೆ. ಅಂದರೆ ಮೂರನೇ ಒಂದು ಭಾಗ ಒತ್ತಡ ಹೋಗಿದ್ದರೂ ಚೆಕ್ ಇಂಜಿನ್ ಲೈಟ್ ಬರದೇ ಇರಬಹುದು!

ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಬಣ್ಣ ಬಯಲಾಗುತ್ತದೆ. ಆಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದಿಲ್ಲ, ಮೊದಲೇ ಕಲಿತ ಲೆಕ್ಕದ ಮೇಲೆ ಪೆಟ್ರೋಲ್ ಹಾಕುತ್ತದೆ. ಅದೇ ಹೊತ್ತಿಗೆ ಇಂಜಿನ್ ಹೆಚ್ಚು ಪೆಟ್ರೋಲ್ ಎಳೆಯುವುದರಿಂದ ಸೋತ ಪಂಪಿನ ಒತ್ತಡ ಇನ್ನೂ ಬೀಳುತ್ತದೆ. ಘಾಟಿಯಲ್ಲಿ, ಓವರ್‌ಟೇಕ್ ಮಾಡುವಾಗ, ಎಸಿ ಹಾಕಿ ನಾಲ್ಕು ಜನ ಕೂತಾಗ ತೊಂದರೆ ಕಾಣುವುದು ಇದಕ್ಕೇ.

ಕಡಿಮೆಯಾದರೆ ಒಂದು ಥರ, ಜಾಸ್ತಿಯಾದರೆ ಇನ್ನೊಂದು ಥರ

ಒತ್ತಡ ಕಡಿಮೆಯಾದರೆ ಮಿಶ್ರಣ ತೆಳುವಾಗುತ್ತದೆ. ಪಿಕಪ್ ಸಾಯುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ, ಇಸಿಯು ದಾಖಲಿಸುವ ದೋಷದ ಕೋಡ್ ಬಂದರೆ ಪಿ0171 (ಮಿಶ್ರಣ ತೆಳು) ಅಥವಾ ಪಿ0300 (ಮಿಸ್ಸಿಂಗ್) ಬರುತ್ತದೆ. ಭಾರ ಎಳೆಯುವಾಗ ತೆಳು ಮಿಶ್ರಣ ಇದ್ದರೆ ನಾಕಿಂಗ್ ಕೇಳಿಸಬಹುದು. ಹಾಗೆಯೇ ಓಡಿಸುತ್ತಾ ಹೋದರೆ ಎಕ್ಸಾಸ್ಟ್ ವಾಲ್ವ್‌ಗೂ ಪಿಸ್ಟನ್‌ಗೂ ಒಳ್ಳೆಯದಲ್ಲ.

ಒತ್ತಡ ಜಾಸ್ತಿಯಾಗುವುದು ಅಪರೂಪ, ಆದರೆ ಅದರ ಬಿಲ್ ದೊಡ್ಡದು. 3 ಬಾರ್ ಇದ್ದದ್ದು 4 ಆದರೆ ಪೆಟ್ರೋಲ್ ಶೇ. 15 ಜಾಸ್ತಿ ಬೀಳುತ್ತದೆ. ಮೈಲೇಜ್ ಇಳಿಯುತ್ತದೆ, ಪ್ಲಗ್ ಕಪ್ಪಗೆ ಮಸಿ ಹಿಡಿಯುತ್ತದೆ, ಕೋಡ್ ಪಿ0172 (ಪೆಟ್ರೋಲ್ ಜಾಸ್ತಿ). ಸುಡದೇ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಜಾರಿ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು ಆಯಿಲ್ ಮಟ್ಟ ಮೇಲೇರಿದ್ದರೆ ಅನುಮಾನವೇ ಬೇಡ, ಆಯಿಲ್ ಬದಲಿಸಲೇಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಈ ಪೆಟ್ರೋಲನ್ನು ತನ್ನೊಳಗೆ ಸುಟ್ಟು, ವಿಪರೀತ ಕಾದು ಕರಗಬಹುದು.

ಇನ್ನು ಏರುತ್ತಾ ಇಳಿಯುತ್ತಾ ಇರುವ ಒತ್ತಡ. ಇದರಲ್ಲಿ ಇಸಿಯು ಬೆನ್ನಟ್ಟಿ ಸುಸ್ತಾಗುತ್ತದೆ. ಈಗ ತೆಳುವಾಯಿತು ಅಂತ ಪೆಟ್ರೋಲ್ ಜಾಸ್ತಿ ಮಾಡುವಷ್ಟರಲ್ಲಿ ಒತ್ತಡ ಮತ್ತೆ ಏರಿರುತ್ತದೆ. ಐಡಲ್‌ನಲ್ಲಿ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುವುದು, ಒಂದೇ ವೇಗದಲ್ಲಿ ಹೋಗುವಾಗ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿ ಬಿಟ್ಟಂತೆ ಅನಿಸುವುದು ಇದರ ಲಕ್ಷಣ.

ಹೆಜ್ಜೆ 1: ಸಲಕರಣೆ ಇಲ್ಲದೆ ಮಾಡಬಹುದಾದ್ದು

ಸುತ್ತಮುತ್ತ ಸದ್ದಿಲ್ಲದ ಕಡೆ ಕಾರು ನಿಲ್ಲಿಸಿ. ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಹೆಚ್ಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ "ಜುಯ್" ಎನ್ನುವ ಸದ್ದು ಕೇಳಿಸಬೇಕು. ಪಂಪ್ ಒತ್ತಡ ತುಂಬಿಸಿ ನಿಲ್ಲುವ ಸದ್ದು ಅದು. ಅದೇ ಕೇಳದಿದ್ದರೆ ಮೊದಲು ಫ್ಯೂಸ್, ರಿಲೇ ನೋಡಿ. ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲು ಬದಲು ಮಾಡಿ ನೋಡುವುದು ಹಳೆಯ ಉಪಾಯ, ಇಂದಿಗೂ ನಡೆಯುತ್ತದೆ.

ಬೆಳಗ್ಗೆ ಅಥವಾ ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆಯೇ? ಹಾಗಿದ್ದರೆ ಮುಂದಿನ ಸಲ ಇಗ್ನಿಷನ್ ಆನ್ ಮಾಡಿ, ಸದ್ದು ನಿಂತ ಮೇಲೆ ಆಫ್ ಮಾಡಿ. ಮೂರು ಸಲ ಹೀಗೆ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ಪುಶ್ ಬಟನ್ ಕಾರಿನಲ್ಲಿ ಬ್ರೇಕ್ ಅಥವಾ ಕ್ಲಚ್ ಒತ್ತದೆ ಬಟನ್ ಒತ್ತಿದರೆ ಇಗ್ನಿಷನ್ ಮಾತ್ರ ಆನ್ ಆಗುತ್ತದೆ. ಹೀಗೆ ಮಾಡಿದಾಗ ಪಟ್ಟನೆ ಸ್ಟಾರ್ಟ್ ಆದರೆ, ನಿಲ್ಲಿಸಿದ ಮೇಲೆ ಲೈನ್‌ನಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಇನ್ನೂ ಕಾಡುತ್ತದೆ. ಒತ್ತಡ ಬಿದ್ದ ಲೈನಿನಲ್ಲಿ ಬಿಸಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ.

ಪೆಟ್ರೋಲ್ ಗೇಜ್ ಕಾಲು ಟ್ಯಾಂಕ್‌ಗಿಂತ ಕೆಳಗೆ ಇದ್ದಾಗ ಮಾತ್ರ, ಅದರಲ್ಲೂ ತಿರುವಿನಲ್ಲಿ ಅಥವಾ ಏರಿನಲ್ಲಿ ಮಾತ್ರ ತೊಂದರೆ ಬರುತ್ತದೆಯೇ ಎಂಬುದನ್ನೂ ಗಮನಿಸಿ. ಪಂಪ್ ಗಾಳಿ ಎಳೆಯುತ್ತಿರಬಹುದು.

ಹೆಜ್ಜೆ 2: ಸ್ಕ್ಯಾನರ್‌ನಲ್ಲಿ ಟ್ರಿಮ್ ಓದುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ ಹೆಜ್ಜೆ ಇದು. ಪೈಪ್ ಮುಟ್ಟಬೇಕಿಲ್ಲ, ಅಪಾಯವೂ ಇಲ್ಲ. ಬಿಎಸ್4, ಬಿಎಸ್6 ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ದೋಷ ತಪಾಸಣೆಗೆಂದೇ ಇರುವ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಒಂದು ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಮೊಬೈಲ್ ಆ್ಯಪ್‌ನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ತೆರೆಯಿರಿ. ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದ್ದೇನೆ ಅಂತ ಇಸಿಯು ತಾನೇ ಒಪ್ಪಿಕೊಳ್ಳುವ ಅಂಕಿ ಇದು.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರು ಸ್ಥಿತಿಯಲ್ಲಿ ನೋಡಿ: ಐಡಲ್, ನಿಂತಲ್ಲೇ 2500 ಆರ್‌ಪಿಎಂ, ರಸ್ತೆಯಲ್ಲಿ ಭಾರ ಎಳೆಯುವಾಗ. ಕೊನೆಯದಕ್ಕೆ ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಇರಲಿ. ಎರಡೂ ಟ್ರಿಮ್ ಕೂಡಿಸಿದಾಗ ಐದರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಹತ್ತು ದಾಟಿದರೆ ಕಾರಣ ಹುಡುಕಬೇಕು.

ಐಡಲ್‌ನಲ್ಲಿ +4, ಏರಿನಲ್ಲಿ +18 ಬಂದರೆ ಪೆಟ್ರೋಲ್ ಪೂರೈಕೆ ಸೋಲುತ್ತಿದೆ. ಅದು ಪಂಪ್, ಫಿಲ್ಟರ್ ಅಥವಾ ವೈರಿಂಗ್. ಗಾಳಿಯ ಹರಿವನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಾದರೆ, ಆ ಸೆನ್ಸರ್ ಕೊಳೆಯಾದರೂ ಇದೇ ಚಿತ್ರ ಬರುತ್ತದೆ, ಅದನ್ನೂ ನೋಡಿ. ಉಲ್ಟಾ, ಐಡಲ್‌ನಲ್ಲಿ +18 ಇದ್ದು ಆರ್‌ಪಿಎಂ ಏರಿಸಿದ ಕೂಡಲೇ +4ಕ್ಕೆ ಇಳಿದರೆ ಅದು ಒತ್ತಡದ ತೊಂದರೆಯಲ್ಲ, ಎಲ್ಲೋ ವ್ಯಾಕ್ಯೂಮ್ ಪೈಪ್ ಅಥವಾ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದೆ. ಪಂಪ್ ಬದಲಿಸಿದರೆ ದುಡ್ಡು ದಂಡ. ಎಲ್ಲ ಸ್ಥಿತಿಯಲ್ಲೂ ಒಂದೇ ಥರ ಮೈನಸ್ ಇದ್ದರೆ ಒತ್ತಡ ಜಾಸ್ತಿ ಇದೆ ಅಥವಾ ಇಂಜೆಕ್ಟರ್ ಸೋರುತ್ತಿದೆ.

ಒಂದು ಎಚ್ಚರಿಕೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ, ಈಗ ಬಂಕ್‌ನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಇ10ಕ್ಕೆ ಹೊಂದಿಸಿದ ಕಾರಿನಲ್ಲಿ ಇ20 ಹಾಕಿದಾಗ ಟ್ರಿಮ್ ನಾಲ್ಕೈದು ಅಂಕ ಮೇಲೆ ನಿಲ್ಲುವುದು ಸಹಜ. ಇದನ್ನೇ ನೋಡಿ ಪಂಪ್ ಕೆಟ್ಟಿದೆ ಅನ್ನಬೇಡಿ.

ಹೆಜ್ಜೆ 3: ಗೇಜ್ ಹಾಕುವ ಮೊದಲು

ಟ್ರಿಮ್ ಅನುಮಾನ ಹುಟ್ಟಿಸಿದರೆ ಮಾತ್ರ ಇಲ್ಲಿಗೆ ಬನ್ನಿ. ಬಯಲಲ್ಲಿ ಕೆಲಸ ಮಾಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಬೇಡವೇ ಬೇಡ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಇಂಜಿನ್ ತಣ್ಣಗಿರಲಿ. ಕನ್ನಡಕ ಹಾಕಿಕೊಳ್ಳಿ. ಕೈಗೆ ಸಿಗುವಲ್ಲಿ ಡ್ರೈ ಪೌಡರ್ ಅಗ್ನಿಶಾಮಕ ಇರಲಿ.

ಲೈನಿನ ಒತ್ತಡ ತೆಗೆಯಲು, ಇಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ಅಥವಾ ರಿಲೇ ಕೀಳಿ. ಇಂಜಿನ್ ತಾನೇ ಆಫ್ ಆಗುತ್ತದೆ. ಇನ್ನೂ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಷ್ಟಾದರೂ ಜಾಯಿಂಟ್ ಬಿಚ್ಚುವಾಗ ಸುತ್ತ ಬಟ್ಟೆ ಹಿಡಿಯಿರಿ, ಸ್ವಲ್ಪ ಚೆಲ್ಲಿಯೇ ಚೆಲ್ಲುತ್ತದೆ.

0-10 ಬಾರ್ ಗೇಜ್ ಕಿಟ್ ಸಾಕು. ಕೆಲವು ಕಾರುಗಳಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯಲ್ ರೇಲ್ ಮೇಲೆ ಟೈರ್ ವಾಲ್ವ್ ಥರದ ಟೆಸ್ಟ್ ಪೋರ್ಟ್ ಇರುತ್ತದೆ. ನಮ್ಮ ಕಡೆಯ ಸಣ್ಣ ಕಾರುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಆಗ ರೇಲ್‌ಗೆ ಬರುವ ಪೈಪಿನ ಕ್ವಿಕ್ ಕನೆಕ್ಟರ್ ಬಿಚ್ಚಿ, ಮಧ್ಯೆ ಕಿಟ್‌ನ ಟಿ ಅಡಾಪ್ಟರ್ ಸೇರಿಸಬೇಕು. ಸರಿಯಾದ ಅಳತೆಯ ಅಡಾಪ್ಟರ್ ಇಲ್ಲದಿದ್ದರೆ ಹೋಸ್ ಕ್ಲಿಪ್ ಬಿಗಿದು ಹೇಗೋ ನಡೆಸುವ ಯೋಚನೆ ಬಿಡಿ. ಕಿಟ್ ಇರುವ ಗ್ಯಾರೇಜಿಗೆ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಯಾವ ಅಂಕಿ ಕೇಳಬೇಕು ಅಂತ ನಿಮಗೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಸೇರಿಸಿದ ಮೇಲೆ ಬ್ಯಾಟರಿ, ಫ್ಯೂಸ್ ಮತ್ತೆ ಹಾಕಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಜಾಯಿಂಟ್ ತೇವ ಆಗುತ್ತದೆಯೇ ನೋಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್.

ಹೆಜ್ಜೆ 4: ಮುಳ್ಳು ಹೇಳುವುದನ್ನು ಓದುವುದು

ಮೊದಲು ನಿಮ್ಮ ಕಾರು ಯಾವ ಬಗೆಯದು ಅಂತ ತಿಳಿಯಿರಿ. ಹಳೆಯ ಬಗೆಯಲ್ಲಿ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಫ್ಯೂಯಲ್ ರೇಲ್ ಮೇಲೆಯೇ ಇರುತ್ತದೆ, ಅದಕ್ಕೊಂದು ಸಣ್ಣ ವ್ಯಾಕ್ಯೂಮ್ ಪೈಪ್, ಟ್ಯಾಂಕಿಗೆ ವಾಪಸ್ ಹೋಗುವ ಇನ್ನೊಂದು ಲೈನ್. ಇದರಲ್ಲಿ ಐಡಲ್ ಒತ್ತಡ ಸುಮಾರು 2.5 ಬಾರ್ ಇರುತ್ತದೆ. ವ್ಯಾಕ್ಯೂಮ್ ಪೈಪ್ ಕಿತ್ತರೆ 3ಕ್ಕೆ ಏರಬೇಕು. ಮ್ಯಾನಿಫೋಲ್ಡ್‌ನ ಎಳೆತ ಬದಲಾದಂತೆ ರೆಗ್ಯುಲೇಟರ್ ತಾನೂ ಬದಲಾಗಿ, ಇಂಜೆಕ್ಟರಿನ ಹಿಂದು ಮುಂದಿನ ವ್ಯತ್ಯಾಸವನ್ನು ಸಮವಾಗಿಡುತ್ತದೆ. ಹಾಗಾಗಿ ಇಲ್ಲಿ ಮುಳ್ಳು ಆಡುವುದು ರೋಗವಲ್ಲ, ಆಡದಿದ್ದರೇ ರೋಗ. ಕಿತ್ತ ಪೈಪಿನೊಳಗೆ ಪೆಟ್ರೋಲ್ ಪಸೆ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ.

ಹೊಸ ಬಗೆಯಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪ್ ಜೊತೆಯೇ ಇರುತ್ತದೆ, ವಾಪಸ್ ಲೈನ್ ಇಂಜಿನ್ ತನಕ ಬರುವುದಿಲ್ಲ. ಇಲ್ಲಿ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ನಡುವಿನ ಒಂದು ಅಂಕಿ. ಏನೇ ಮಾಡಿದರೂ ಅಲ್ಲೇ ನಿಂತಿರಬೇಕು. ನಿಖರ ಅಂಕಿಗೆ ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನುಯಲ್ ನೋಡಿ. ಪಿಎಸ್‌ಐನಲ್ಲಿ ಬರೆದಿದ್ದರೆ 1 ಬಾರ್ ಅಂದರೆ 14.5 ಪಿಎಸ್‌ಐ.

ಐಡಲ್‌ನಲ್ಲಿ ಮುಳ್ಳು ಸಣ್ಣಗೆ ನಡುಗಿದರೆ ಹೆದರಬೇಡಿ. ಇಂಜೆಕ್ಟರುಗಳು ಒಂದೊಂದಾಗಿ ತೆರೆದು ಮುಚ್ಚುವ ಅಲೆ ಅದು. ಆದರೆ ಅರ್ಧ ಬಾರ್‌ನಷ್ಟು ನಿಧಾನವಾಗಿ ಮೇಲೆ ಕೆಳಗೆ ಹೊಯ್ದಾಡಿದರೆ ಪಂಪ್ ಸವೆದಿದೆ, ಸ್ಟ್ರೈನರ್ (ಪಂಪ್ ಪೆಟ್ರೋಲ್ ಎಳೆಯುವ ಕಡೆಯ ಜಾಲರಿ) ಕಟ್ಟಿದೆ ಅಥವಾ ರೆಗ್ಯುಲೇಟರ್ ಸಿಕ್ಕಿಹಾಕಿಕೊಳ್ಳುತ್ತಿದೆ.

ಇಂಜಿನ್ ಆಫ್ ಮಾಡಿ ಐದು ನಿಮಿಷ ಕಾಯಿರಿ. 3 ಬಾರ್ ಕಾರಿನಲ್ಲಿ 2ರ ಆಸುಪಾಸಾದರೂ ಉಳಿಯಬೇಕು. ಆಫ್ ಮಾಡಿದ ಕೂಡಲೇ ಸೊನ್ನೆಗೆ ಬಿದ್ದರೆ ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಅಥವಾ ರೆಗ್ಯುಲೇಟರ್ ಹೋಗಿದೆ. ನಿಧಾನವಾಗಿ ಸೋರಿದರೆ ಇಂಜೆಕ್ಟರ್ ಮೇಲೂ ಅನುಮಾನ. ಪ್ಲಗ್ ಬಿಚ್ಚಿದಾಗ ಒಂದೇ ಒಂದು ಒದ್ದೆಯಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿರುವ ಸಾಧ್ಯತೆ ಹೆಚ್ಚು. ಲೈನ್ ಹಿಸುಕಿ ಪರೀಕ್ಷೆ ಮಾಡುವ ಪದ್ಧತಿ ಇದೆ, ರಬ್ಬರ್ ಹೋಸ್ ಇದ್ದರೆ ಮಾತ್ರ ಸರಿ. ಈಗಿನ ಕಾರುಗಳ ನೈಲಾನ್ ಪೈಪನ್ನು ಹಿಸುಕಿದರೆ ಬಿರುಕು ಬಿಡುತ್ತದೆ.

ಹೆಜ್ಜೆ 5: ಭಾರದಲ್ಲಿ ನೋಡದಿದ್ದರೆ ನೋಡಿದಂತೆಯೇ ಅಲ್ಲ

ಐಡಲ್‌ನಲ್ಲಿ ಇಂಜಿನ್ ಕುಡಿಯುವ ಪೆಟ್ರೋಲ್ ಬಹಳ ಕಡಿಮೆ. ಸಾಯುತ್ತಿರುವ ಪಂಪ್ ಕೂಡ ಅಷ್ಟಕ್ಕೆ 3 ಬಾರ್ ತೋರಿಸಿಬಿಡುತ್ತದೆ. ಗ್ಯಾರೇಜಿನಲ್ಲಿ "ಪ್ರೆಶರ್ ಕರೆಕ್ಟ್ ಇದೆ" ಅಂತ ಹೇಳಿ ಕಳಿಸುವ ಎಷ್ಟೋ ಕಾರುಗಳು ಇಲ್ಲೇ ಎಡವುತ್ತವೆ.

ಗೇಜಿನ ಹೋಸ್ ಉದ್ದವಿದ್ದರೆ ಬಾನೆಟ್ ಸಂದಿಯಿಂದ ಹೊರತಂದು, ವೈಪರ್ ಕೆಳಗೆ ಗಾಜಿನ ಹೊರಗೆ ಕಟ್ಟಿ. ಹೋಸ್ ಎಲ್ಲೂ ಎಕ್ಸಾಸ್ಟ್ ಅಥವಾ ಬೆಲ್ಟ್ ಮುಟ್ಟಬಾರದು. ಗೇಜನ್ನು ಕಾರಿನೊಳಗೆ ತರಲೇಬಾರದು. ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, ಐದಾರು ಸೆಕೆಂಡ್. ಪಕ್ಕದವರು ಮುಳ್ಳನ್ನೇ ನೋಡುತ್ತಿರಲಿ. ಹೊಸ ಬಗೆಯ ಕಾರಿನಲ್ಲಿ 0.2 ಬಾರ್ ಅಲುಗಾಡಿದರೆ ಪರವಾಗಿಲ್ಲ. ಆರ್‌ಪಿಎಂ ಏರಿದಂತೆ ಒತ್ತಡ ಜಾರುತ್ತಾ ಹೋದರೆ ಪೂರೈಕೆಯಲ್ಲೇ ಖೋತಾ ಇದೆ. ಕೆಲವು ಪಂಪ್ ತಣ್ಣಗಿದ್ದಾಗ ಸರಿ ಇದ್ದು ಕಾದ ಮೇಲೆ ಸೋಲುತ್ತವೆ. ಹಾಗಾಗಿ ಅರ್ಧ ಗಂಟೆ ಓಡಿಸಿದ ನಂತರವೂ ಒಮ್ಮೆ ನೋಡಿ.

ಹೆಜ್ಜೆ 6: ಪಂಪ್ ಅಪರಾಧಿ ಅನ್ನುವ ಮೊದಲು ವೈರ್ ವಿಚಾರಿಸಿ

ಪಂಪ್ ಒಂದು ಡಿಸಿ ಮೋಟಾರ್. ವೋಲ್ಟೇಜ್ ಕಡಿಮೆಯಾದರೆ ನಿಧಾನ ತಿರುಗುತ್ತದೆ, ಒತ್ತಡ ಬೀಳುತ್ತದೆ. ಹೊಸ ಪಂಪ್ ಹಾಕಿದರೂ ಅದೇ ಕಥೆ. ಇಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪಂಪ್ ಕನೆಕ್ಟರಿನ ಪಾಸಿಟಿವ್ ಪಿನ್ನಿಗೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಕಡಿಮೆ ಬರಬೇಕು. ಹೀಗೆಯೇ ನೆಗೆಟಿವ್ ಕಡೆಯೂ. ಜಾಸ್ತಿ ಬಂದರೆ ದಾರಿಯಲ್ಲಿ ರಿಲೇ ಕಾಂಟ್ಯಾಕ್ಟ್ ಸುಟ್ಟಿದೆ, ಕನೆಕ್ಟರ್ ಕರಗಿದೆ ಅಥವಾ ಅರ್ಥಿಂಗ್ ತುಕ್ಕು ಹಿಡಿದಿದೆ. ಕರಾವಳಿಯ ಕಾರುಗಳಲ್ಲಿ ಅರ್ಥಿಂಗನ್ನೇ ಮೊದಲು ನೋಡಿ.

ಹೊರಗಡೆ ಹಾಕಿಸಿದ ಜಿಪಿಎಸ್ ಕಳ್ಳತನ ತಡೆ ಅಥವಾ ಸಿಎನ್‌ಜಿ ಕಿಟ್ ಇದ್ದರೆ ಪಂಪಿನ ವೈರ್ ಕತ್ತರಿಸಿ ಮಧ್ಯೆ ರಿಲೇ ಸೇರಿಸಿರುತ್ತಾರೆ. ಬರೀ ಟೇಪ್ ಸುತ್ತಿದ ಆ ಜಾಯಿಂಟ್‌ಗಳೇ ಎಷ್ಟೋ ಸಲ ಮೂಲ. ಸಿಎನ್‌ಜಿ ಇರುವವರು ಪೆಟ್ರೋಲ್ ಟ್ಯಾಂಕ್ ಖಾಲಿ ಇಟ್ಟುಕೊಂಡು ಓಡಿಸುವುದೂ ತಪ್ಪು. ಗ್ಯಾಸ್‌ನಲ್ಲಿ ಓಡುವಾಗಲೂ ಕೆಲವು ಕಿಟ್‌ಗಳಲ್ಲಿ ಪಂಪ್ ತಿರುಗುತ್ತಲೇ ಇರುತ್ತದೆ. ಅದನ್ನು ತಣ್ಣಗಿಡುವುದು ಪೆಟ್ರೋಲೇ ಅಲ್ವಾ?

ಹೆಜ್ಜೆ 7: ರಿಪೇರಿ, ಆಮೇಲಿನ ಪರೀಕ್ಷೆ

ವೈರಿಂಗ್ ಸರಿಯಿದ್ದು ಭಾರದಲ್ಲಿ ಒತ್ತಡ ಬೀಳುತ್ತಿದ್ದರೆ ಮೊದಲು ಫಿಲ್ಟರ್. ಹೊರಗಿದ್ದರೆ ಅದನ್ನೊಂದೇ ಬದಲಿಸಿ ಮತ್ತೆ ಪರೀಕ್ಷಿಸಿ. ಟ್ಯಾಂಕಿನೊಳಗಿದ್ದರೆ ಪಂಪ್ ಇರುವ ಇಡೀ ಮಾಡ್ಯೂಲ್ ಹೊರತೆಗೆಯಲೇಬೇಕು. ತೆಗೆದಾಗ ತಳದ ಸ್ಟ್ರೈನರ್ ಬಣ್ಣ ನೋಡಿ. ಕಂದು ಕೆಸರು, ನೀರಿನ ಹನಿ ಕಂಡರೆ ಟ್ಯಾಂಕ್ ತೊಳೆಸದೆ ಹೊಸ ಪಂಪ್ ಇಳಿಸಬೇಡಿ, ಅದಕ್ಕೂ ಅದೇ ಗತಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇದನ್ನು ತಪ್ಪದೆ ನೋಡಿ. ಮುಚ್ಚುವಾಗ ಟ್ಯಾಂಕ್ ಬಾಯಿಯ ಸೀಲ್ ಹೊಸದೇ ಹಾಕಿಸಿ. ಕಂಪನಿ ಹೆಸರಿಲ್ಲದ ಅಗ್ಗದ ಪಂಪ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮತ್ತೆ ಬಿಚ್ಚಿಸುವ ಕೂಲಿಯಲ್ಲೇ ಆ ಉಳಿತಾಯ ಹೋಗುತ್ತದೆ.

ಒತ್ತಡ ಜಾಸ್ತಿ ಇದ್ದರೆ ಹಳೆಯ ಬಗೆಯಲ್ಲಿ ವಾಪಸ್ ಲೈನ್ ಎಲ್ಲಾದರೂ ಮಡಚಿದೆಯೇ, ಚಪ್ಪಟೆಯಾಗಿದೆಯೇ ನೋಡಿ. ಅದು ಸರಿಯಿದ್ದರೆ ರೆಗ್ಯುಲೇಟರ್ ಬದಲಿಸಿ.

ಕೆಲಸ ಮುಗಿದ ಮೇಲೆ ಸ್ಕ್ಯಾನರಿನಿಂದ ಕೋಡ್ ಅಳಿಸಿ, ಕಲಿತ ಟ್ರಿಮ್ ಕೂಡ ರೀಸೆಟ್ ಮಾಡಿ. ಇಲ್ಲದಿದ್ದರೆ ಹಳೆಯ +20 ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತಾ ಒಂದೆರಡು ದಿನ ಕಪ್ಪು ಹೊಗೆ ಬಿಡಬಹುದು. ಊರೊಳಗೆ ಸ್ವಲ್ಪ, ಹೈವೇಯಲ್ಲಿ ಸ್ವಲ್ಪ ಓಡಿಸಿ. ಆಮೇಲೆ ಹೆಜ್ಜೆ 2ರ ಮೂರೂ ಸ್ಥಿತಿಯಲ್ಲಿ ಟ್ರಿಮ್ ಮತ್ತೆ ಬರೆದಿಟ್ಟುಕೊಳ್ಳಿ. ಐಡಲ್‌ಗೂ ಏರಿಗೂ ನಡುವಿನ ಅಂತರ ಕರಗಿರಬೇಕು. ಎಲ್ಲ ಕಡೆ ಒಂದೇ ಥರ +4, +5 ಉಳಿದಿದ್ದರೆ ಅದು ಇ20ಯದು, ಹಾಗೆಯೇ ಬಿಡಿ.